ಸದ್ದಡಗಿದ ಮೇಲಿನ ಮಾತು: ಕಾರಣಿಕ, ವೇದಿಕೆ ಮತ್ತು ಕೇಳುಗ ಸಮುದಾಯ

ಸಾರ್ವಜನಿಕ ಭಾಷಣದ ಪ್ರಭಾವವನ್ನು ಕುರಿತು ನಮ್ಮಲ್ಲಿ ನಡೆದಿರುವ ಚರ್ಚೆಗಳು ಬಹುಮಟ್ಟಿಗೆ ಭಾಷಣಕಾರನನ್ನೇ ಕೇಂದ್ರವಾಗಿರಿಸಿಕೊಂಡಿವೆ. ಆತನ ಕಂಠಶ್ರೀ, ಪದಸಂಪತ್ತು, ತರ್ಕದ ಬಿಗಿ, ಸಮಯಸ್ಫೂರ್ತಿ, ಹಾವಭಾವ ಇವನ್ನು ಪಟ್ಟಿಮಾಡಿ, ಇವೆಲ್ಲ ಕೂಡಿಬಂದರೆ ಸಭೆ ಒಲಿಯುತ್ತದೆ ಎಂಬ ತೀರ್ಮಾನಕ್ಕೆ ಬರುವುದು ವಾಡಿಕೆಯಾಗಿದೆ. ಪ್ರಾಚೀನ ಗ್ರೀಸಿನ ಅರಿಸ್ಟಾಟಲನು ಮನವೊಲಿಕೆಯ ಸಾಧನಗಳನ್ನು ವಕ್ತಾರನ ಶೀಲ, ಕೇಳುಗರ ಭಾವಸ್ಥಿತಿ ಮತ್ತು ವಾದದ ಯುಕ್ತಿ ಎಂದು ಮೂರಾಗಿ ವಿಂಗಡಿಸಿದ್ದನು. ಈ ಮೂರರಲ್ಲಿ ಕೇಳುಗನಿಗೂ ಒಂದು ಸ್ಥಾನವಿದೆಯಾದರೂ ಅದು ಬಾಗಿಸಬೇಕಾದ ವಸ್ತುವಿನ ಸ್ಥಾನವೇ ಹೊರತು ಅರ್ಥವನ್ನು ಕಟ್ಟುವವನ ಸ್ಥಾನವಲ್ಲ.

ಜನಪದರ ಅನುಭವ ಈ ತಿಳಿವಳಿಕೆಯನ್ನು ಪ್ರಶ್ನಿಸುವಂತಿದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಪರಿಸರದಲ್ಲಿ ಅತಿ ಹೆಚ್ಚು ಜನ ಕಾದು ನಿಂತು ಕೇಳುವ, ವರ್ಷವಿಡೀ ನೆನಪಿನಲ್ಲಿಟ್ಟುಕೊಳ್ಳುವ ಸಾರ್ವಜನಿಕ ಮಾತು ಗಂಟೆಗಟ್ಟಲೆಯ ಭಾಷಣವಲ್ಲ. ಅದು ಕೆಲವೇ ಪದಗಳ ಒಂದು ವಾಕ್ಯ. ಮೈಲಾರದಲ್ಲಿಯೂ ದೇವರಗುಡ್ಡದಲ್ಲಿಯೂ ಗೊರವಯ್ಯನ ಬಾಯಿಂದ ಹೊರಡುವ ಕಾರಣಿಕವೇ ಆ ವಾಕ್ಯ. ಈ ಕಿರುನುಡಿ ಲಕ್ಷಾಂತರ ಜನರ ಮೇಲೆ ಬೀರುವ ಪ್ರಭಾವದ ಮೂಲ ಯಾವುದು, ಆಧುನಿಕ ವೇದಿಕೆಯ ಭಾಷಣಕ್ಕೂ ಅದಕ್ಕೂ ಇರುವ ಸಂಬಂಧವೇನು, ಈ ಎರಡು ಮಾತುಗಳು ಇಂದು ಒಂದರ ಗುಣವನ್ನೊಂದು ಪಡೆದುಕೊಳ್ಳುತ್ತಿರುವುದರಿಂದ ಆಗುತ್ತಿರುವ ಹಾನಿಯೇನು ಎಂಬುದನ್ನು ವಿವೇಚಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ.

ಕಾರಣಿಕದ ನೆಲೆ

ಮೈಲಾರಲಿಂಗನ ಆರಾಧನೆ ದಖನ್ನಿನ ಬಹುವಿಸ್ತಾರವಾದ ಆರಾಧನಾ ಪರಂಪರೆಗಳಲ್ಲಿ ಒಂದು. ಮಹಾರಾಷ್ಟ್ರದ ಖಂಡೋಬ, ತೆಲುಗು ನಾಡಿನ ಮಲ್ಲಣ್ಣ, ಕನ್ನಡ ನಾಡಿನ ಮೈಲಾರ ಇವು ಒಂದೇ ದೈವಪರಂಪರೆಯ ಬೇರೆ ಬೇರೆ ಮುಖಗಳೆಂಬುದನ್ನು ಜರ್ಮನಿಯ ವಿದ್ವಾಂಸ ಗುಂಟರ್ ಸೊಂಥೈಮರ್ ತಮ್ಮ ಅಧ್ಯಯನಗಳಲ್ಲಿ ವಿಸ್ತಾರವಾಗಿ ತೋರಿಸಿದ್ದಾರೆ. ಕುರಿಗಾಹಿಗಳು, ಬೇಟೆಗಾರರು, ಒಕ್ಕಲಿಗರು, ವ್ಯಾಪಾರಿಗಳು ಎಲ್ಲರೂ ಈ ದೈವದ ಒಕ್ಕಲುಗಳು. ಹೂವಿನಹಡಗಲಿ ತಾಲ್ಲೂಕಿನ ಮೈಲಾರ ಹಿಂದೆ ಬಳ್ಳಾರಿ ಜಿಲ್ಲೆಗೆ ಸೇರಿದ್ದು, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಆಡಳಿತದ ಗಡಿ ಹೀಗಿದ್ದರೂ ತುಂಗಭದ್ರೆಯ ಆಚೆ ದಂಡೆಯ ಹಾವೇರಿ ಸೀಮೆಯೊಡನೆ ಅದರ ಒಡನಾಟ ಗಾಢವಾದುದು. ಈ ದಂಡೆಯಲ್ಲಿ, ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ, ಮಾಲತೇಶನೆಂಬ ಹೆಸರಿನಿಂದ ಅದೇ ದೈವ ನೆಲೆಸಿದೆ. ಮೈಲಾರದ ಕಾರಣಿಕ ಮಾಘ ಮಾಸದ ಭರತ ಹುಣ್ಣಿಮೆಯ ತರುವಾಯ ನಡೆದರೆ, ದೇವರಗುಡ್ಡದ ಕಾರಣಿಕ ಮಹಾನವಮಿಯ ಸಂದರ್ಭದಲ್ಲಿ ನಡೆಯುತ್ತದೆ. ಹೀಗೆ ಈ ಸೀಮೆಯ ರೈತನಿಗೆ ವರ್ಷದಲ್ಲಿ ಎರಡು ಬಾರಿ, ಒಮ್ಮೆ ಸುಗ್ಗಿ ಮುಗಿಯುವ ಹೊತ್ತಿಗೆ, ಇನ್ನೊಮ್ಮೆ ಮುಂಗಾರು ಮುಗಿದು ಹಿಂಗಾರು ಹಿಡಿಯುವ ಹೊತ್ತಿಗೆ, ದೈವದ ನುಡಿ ದೊರೆಯುತ್ತದೆ.

ಮಣಿ ಮತ್ತು ಮಲ್ಲರೆಂಬ ರಕ್ಕಸರ ಸಂಹಾರದ ಕಥೆ ಈ ಆಚರಣೆಯ ಹಿನ್ನೆಲೆಯಲ್ಲಿದೆ. ಮೈಲಾರದಲ್ಲಿ ಕಾರಣಿಕ ನುಡಿಯುವ ಗೊರವಯ್ಯನು ರಥಸಪ್ತಮಿಯಿಂದ ಹನ್ನೊಂದು ದಿನ ಉಪವಾಸವಿದ್ದು, ಡೆಂಕನಮರಡಿಗೆ ಬಂದು ಎತ್ತರದ ಬಿಲ್ಲನ್ನೇರುತ್ತಾನೆ. ಅಲ್ಲಿಯವರೆಗೆ ಡಮರುಗಳ ನಾದದಿಂದ, ಏಳುಕೋಟಿಯ ಉಘೇ ಘೋಷದಿಂದ, ಭಂಡಾರದ ಹಳದಿಯಿಂದ ತುಂಬಿದ್ದ ಬಯಲು ಆತ ‘ಸದ್ದಲೇ’ ಎಂದೊಡನೆ ಸ್ತಬ್ಧವಾಗುತ್ತದೆ. ಆ ಮೌನದಲ್ಲಿ ಒಂದೇ ಒಂದು ವಾಕ್ಯ ನುಡಿದು ಆತ ಕೆಳಕ್ಕೆ ಬೀಳುತ್ತಾನೆ. ಕೆಳಗಿದ್ದವರು ಕಂಬಳಿ ಹಿಡಿದು ಆತನನ್ನು ತಾಳಿಕೊಳ್ಳುತ್ತಾರೆ. ಭಾಷಣ ಮುಗಿದಂತೆಯೇ. ವಿವರಣೆಯಿಲ್ಲ, ಪುನರುಕ್ತಿಯಿಲ್ಲ, ಚಪ್ಪಾಳೆಗೆ ಕಾಯುವುದಿಲ್ಲ.

ಪ್ರಭಾವದ ಮೂರು ಕಾರಣಗಳು

ಈ ಮಾತಿನ ಪ್ರಭಾವವನ್ನು ಕೇವಲ ಭಕ್ತಿಯೆಂದು ಹೇಳಿ ಮುಗಿಸಿದರೆ ಏನನ್ನೂ ವಿವರಿಸಿದಂತಾಗುವುದಿಲ್ಲ. ಭಕ್ತಿ ಇರುವೆಡೆಯಲ್ಲೆಲ್ಲ ಇಂತಹ ಮಾತು ಹುಟ್ಟಿಲ್ಲ. ಕಾರಣಿಕದ ರಚನೆಯನ್ನೇ ಗಮನಿಸಿದರೆ ಮೂರು ಕಾರಣಗಳು ಎದ್ದುಕಾಣುತ್ತವೆ.

ಮೊದಲನೆಯದು, ಮೌನದ ಸಿದ್ಧತೆ. ಸಾಮಾನ್ಯ ಸಭೆಯಲ್ಲಿ ಭಾಷಣಕಾರನು ಗದ್ದಲದೊಳಗಿನಿಂದ ಕೇಳುಗನನ್ನು ತನ್ನ ಕಡೆಗೆ ಸೆಳೆದುಕೊಳ್ಳಬೇಕು. ಇಲ್ಲಿ ಮಾತಿಗಿಂತ ಮೊದಲೇ ಕಿವಿ ಸಿದ್ಧವಾಗಿರುತ್ತದೆ. ದಿನಗಟ್ಟಲೆ ನಡೆದೋ ಬಂಡಿ ಕಟ್ಟಿಕೊಂಡೋ ಬಂದು, ಬಿಸಿಲಿನಲ್ಲಿ ಕಾದು ನಿಂತವನು ಆ ಕ್ಷಣಕ್ಕಾಗಿ ತನ್ನನ್ನು ತಾನೇ ಅಣಿಗೊಳಿಸಿಕೊಂಡಿರುತ್ತಾನೆ. ‘ಸದ್ದಲೇ’ ಎಂಬ ಒಂದು ಪದ ಲಕ್ಷ ಜನರನ್ನು ಸುಮ್ಮನಾಗಿಸುವುದು ಆ ಪದದ ಶಕ್ತಿಯಿಂದಲ್ಲ. ಸುಮ್ಮನಾಗಲು ಒಪ್ಪಿ ಬಂದವರ ಒಪ್ಪಿಗೆಯಿಂದ.

ಎರಡನೆಯದು, ಮಾತಿನ ಒಡೆತನವನ್ನು ಬಿಟ್ಟುಕೊಡುವುದು. ಗೊರವಯ್ಯನ ಬದುಕು ಕಂಬಳಿ, ಡಮರು, ದೋಣಿ, ಭಂಡಾರಗಳ ಸರಳ ಬದುಕು. ಆತ ಬಿಲ್ಲಿನ ಮೇಲಿರುವಾಗ ನುಡಿದದ್ದು ತನ್ನದೆಂದು ಹೇಳಿಕೊಳ್ಳುವುದಿಲ್ಲ. ನುಡಿದ ಮರುಕ್ಷಣ ಎತ್ತರದಿಂದ ಬೀಳುವುದು ಈ ಆಚರಣೆಯ ಅತ್ಯಂತ ಅರ್ಥಪೂರ್ಣವಾದ ಕ್ರಿಯೆ. ಮಾತು ಮೇಲೆ ಉಳಿಯುತ್ತದೆ, ಆಡಿದವನು ಕೆಳಗೆ ಬರುತ್ತಾನೆ. ಆಡಿದ ಮಾತಿನಿಂದ ಅಧಿಕಾರ ಗಳಿಸುವವನು ಆತನಲ್ಲ ಎಂಬುದು ಎಲ್ಲರ ಕಣ್ಣೆದುರಿಗೇ ಸಿದ್ಧವಾಗುತ್ತದೆ. ಹೇಳುವವನಿಗೆ ಲಾಭವಿಲ್ಲದ ಮಾತನ್ನು ಜನ ಬೇಗ ನಂಬುತ್ತಾರೆಂಬುದು ಹಳ್ಳಿಯ ಪಂಚಾಯಿತಿ ಕಟ್ಟೆಯಲ್ಲಿಯೂ ಕಾಣುವ ಸತ್ಯ.

ಮೂರನೆಯದು, ಅರ್ಥವನ್ನು ಕೇಳುಗನಿಗೆ ಬಿಟ್ಟುಕೊಡುವುದು. 2023ರ ಫೆಬ್ರುವರಿಯ ಮೈಲಾರ ಕಾರಣಿಕದಲ್ಲಿ ಹಳಸಿದ ಅಂಬಲಿ ಮತ್ತು ಬೀಸಿದ ಕಂಬಳಿಯ ಪ್ರಸ್ತಾಪ ಬಂದಿತು. 2025ರಲ್ಲಿ ತುಂಬಿದ ಕೊಡ ತುಳುಕಿದ ಚಿತ್ರ ಬಂದಿತು. ಅಂಬಲಿ, ಕಂಬಳಿ, ಕೊಡ ಇವೆಲ್ಲ ಕೇಳುಗನ ಮನೆಯೊಳಗಿನ ವಸ್ತುಗಳು. ಅವನ್ನು ಅರ್ಥಮಾಡಿಕೊಳ್ಳಲು ಪಂಡಿತನ ನೆರವು ಬೇಕಿಲ್ಲ. ಆದರೆ ಅವು ಯಾವುದನ್ನು ಸೂಚಿಸುತ್ತವೆ ಎಂಬುದನ್ನು ಕೇಳುಗನೇ ತನ್ನ ಬದುಕಿನಿಂದ ತುಂಬಬೇಕು. ತುಂಗಭದ್ರಾ ಜಲಾಶಯದ ಅಚ್ಚುಕಟ್ಟಿನ ರೈತ, 2024ರ ಆಗಸ್ಟಿನಲ್ಲಿ ಅದರ 19ನೆಯ ಕ್ರೆಸ್ಟ್ ಗೇಟು ಕೊಚ್ಚಿಹೋದುದನ್ನು ಕಂಡವನು, ತುಂಬಿದ ಕೊಡವೆಂದಾಗ ನೀರನ್ನೇ ನೆನೆಯಬಹುದು. ಸಾಲದಲ್ಲಿರುವವನು ಬೇರೊಂದನ್ನು, ಮಗಳ ಮದುವೆ ನಿಶ್ಚಯಿಸಿದವನು ಮತ್ತೊಂದನ್ನು ನೆನೆಯಬಹುದು. ಹೀಗೆ ಕೇಳುಗ ತಾನೇ ಕಟ್ಟಿಕೊಂಡ ಅರ್ಥವನ್ನು ತಾನೇ ಅಲ್ಲಗಳೆಯುವುದು ಕಷ್ಟ. ಮನವೊಲಿಕೆಯ ಗುಟ್ಟು ಇಲ್ಲಿದೆ.

ವಾಕ್ಯದ ವ್ಯಾಕರಣ

ಕಾರಣಿಕದ ಭಾಷೆಯೂ ಈ ಕಾರ್ಯಕ್ಕೆ ಹೊಂದಿಕೊಂಡಿದೆ. ಮೈಲಾರದಲ್ಲಿ ಮತ್ತೆ ಮತ್ತೆ ಕೇಳಿಬರುವ ‘ಸಂಪಾಯಿತಲೇ ಪರಾಕ್’ ಎಂಬ ನುಡಿಗಟ್ಟನ್ನೇ ತೆಗೆದುಕೊಳ್ಳಬಹುದು. ಸಂಪು ಎಂದರೆ ಸೊಂಪು, ಸಮೃದ್ಧಿ. ಮುಂದೆ ಆಗಲಿರುವುದನ್ನು ‘ಆಯಿತು’ ಎಂದು ಭೂತಕಾಲದಲ್ಲಿ ನುಡಿಯಲಾಗಿದೆ. ಆಗುತ್ತದೆ ಎಂದರೆ ಆಶ್ವಾಸನೆಯಾಗುತ್ತಿತ್ತು, ಆಗಲಿ ಎಂದರೆ ಹರಕೆಯಾಗುತ್ತಿತ್ತು. ಆಯಿತು ಎಂದಾಗ ಅದು ಸಾಕ್ಷಿಯ ನುಡಿಯಾಗುತ್ತದೆ. ದೈವ ಕಂಡು ಬಂದದ್ದನ್ನು ಹೇಳುತ್ತಿದೆ ಎಂಬ ಭಾವ ಅದರಲ್ಲಿದೆ.

ಅದಕ್ಕೆ ಹತ್ತಿರುವ ‘ಲೇ’ ಎಂಬುದು ಈ ಸೀಮೆಯಲ್ಲಿ ಸಲುಗೆಯವರನ್ನೂ ಕಿರಿಯರನ್ನೂ ಕರೆಯುವ ಏಕವಚನದ ಸಂಬೋಧನೆ. ಇಂದಿನ ವೇದಿಕೆಯಲ್ಲಿ ಯಾವ ಭಾಷಣಕಾರನೂ ಸಭಿಕರನ್ನು ಹಾಗೆ ಕರೆಯಲಾರ. ‘ವೇದಿಕೆಯ ಮೇಲೆ ಆಸೀನರಾಗಿರುವ’ ಎಂದು ಮೊದಲುಗೊಂಡು ಪದವಿಯ ಅನುಕ್ರಮದಲ್ಲಿ ಹೆಸರುಗಳನ್ನು ಹೇಳಿ ಮುಗಿಸುವಷ್ಟರಲ್ಲಿ ಅರ್ಧ ಸಭೆಯ ಗಮನ ಚದುರಿರುತ್ತದೆ. ಗೊರವಯ್ಯನ ‘ಲೇ’ ಮಂತ್ರಿಯನ್ನೂ ಕುರಿಗಾಹಿಯನ್ನೂ ಒಂದೇ ಏಕವಚನದಲ್ಲಿ ಕರೆಯುತ್ತದೆ. ಲಕ್ಷ ಜನರನ್ನು ಒಬ್ಬನೆಂಬಂತೆ, ಪ್ರತಿಯೊಬ್ಬನನ್ನೂ ಹೆಸರುಹಿಡಿದಂತೆ ಸಂಬೋಧಿಸುವ ಈ ಬಗೆ ಯಾವ ಭಾಷಣಕಲೆಯ ಕೈಪಿಡಿಯಲ್ಲಿಯೂ ಇಲ್ಲ. ಕೊನೆಯ ‘ಪರಾಕ್’ ಅರಮನೆಯ ವಂದಿಮಾಗಧರ ಪದ. ಎಚ್ಚರಿಕೆ, ಗಮನಿಸಿರಿ ಎಂಬ ಅರ್ಥದ್ದು. ಅರಮನೆಗಳು ಹೋದ ಮೇಲೆಯೂ ಆ ಪದ ಬಯಲಿನಲ್ಲಿ ಉಳಿದುಕೊಂಡಿದೆ.

ಆಂಗ್ಲ ತತ್ತ್ವಜ್ಞಾನಿ ಜೆ.ಎಲ್. ಆಸ್ಟಿನ್ ಅವರ ಉಪನ್ಯಾಸಗಳು 1962ರಲ್ಲಿ ಪ್ರಕಟವಾದ ಮೇಲೆ, ಕೆಲವು ಮಾತುಗಳು ಸಂಗತಿಯನ್ನು ವರ್ಣಿಸುವುದಿಲ್ಲ, ತಾವೇ ಒಂದು ಕ್ರಿಯೆಯಾಗುತ್ತವೆ ಎಂಬ ವಿಚಾರ ವಿದ್ವತ್ ವಲಯದಲ್ಲಿ ಬೇರೂರಿತು. ರಿಚರ್ಡ್ ಬಾಮನ್ ಅವರು 1977ರಲ್ಲಿ ಮೌಖಿಕ ಕಲೆಯನ್ನು ಪ್ರದರ್ಶನವೆಂದು ನಿರ್ವಚಿಸುವಾಗ, ಪ್ರದರ್ಶಿಸುವವನು ಕೇಳುಗರಿಗೆ ಹೊಣೆಯಾಗಿರುತ್ತಾನೆ ಎಂಬ ಅಂಶಕ್ಕೆ ಒತ್ತುಕೊಟ್ಟರು. ಕಾರಣಿಕಕ್ಕೆ ಈ ಎರಡನ್ನೂ ಅನ್ವಯಿಸಬಹುದು. ಆದರೆ ಬಾಮನ್ ಹೇಳುವ ಹೊಣೆ ಇಲ್ಲಿ ಅರ್ಧ ಮಾತ್ರ ವಕ್ತಾರನದು. ಸರಿಯಾದ ವ್ರತ, ಸರಿಯಾದ ಸ್ಥಳ, ಸರಿಯಾದ ಕ್ರಮ ಇವಕ್ಕೆ ಗೊರವಯ್ಯ ಹೊಣೆ. ಅರ್ಥಕ್ಕೆ ಕೇಳುಗ ಹೊಣೆ.

ಬ್ಯಾಡಗಿಯ ಪರೀಕ್ಷೆ

ಈ ಹೊಣೆಗಾರಿಕೆಯ ಮಿತಿ ಎಲ್ಲಿ ಎಂಬುದನ್ನು 2024ರ ಘಟನೆಗಳು ನಿಚ್ಚಳಗೊಳಿಸಿದವು. ಆ ವರ್ಷ ಫೆಬ್ರುವರಿ 26ರ ಮೈಲಾರ ಕಾರಣಿಕ ‘ಸಂಪಾಯಿತಲೇ ಪರಾಕ್’ ಎಂಬುದೇ ಆಗಿತ್ತು. ಹದಿನಾಲ್ಕು ದಿನಗಳ ಅನಂತರ, ಮಾರ್ಚ್ 11ರ ಸೋಮವಾರ, ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಲಕ್ಷಗಟ್ಟಲೆ ಚೀಲಗಳು ಬಂದು ಬಿದ್ದವು. ಹಿಂದಿನ ವಾರಕ್ಕೆ ಹೋಲಿಸಿದರೆ ಕ್ವಿಂಟಲಿಗೆ ಸಾವಿರಾರು ರೂಪಾಯಿ ದರ ಕುಸಿದಿದೆಯೆಂದು ರೈತರು ಸಿಡಿದೆದ್ದರು. ಎಪಿಎಂಸಿ ಕಚೇರಿಗೆ ನುಗ್ಗಿ ಕಲ್ಲು ತೂರಿದರು, ವಾಹನಗಳಿಗೆ ಬೆಂಕಿ ಹಚ್ಚಿದರು. 2011ರಲ್ಲಿ ಭೌಗೋಳಿಕ ಸೂಚಿಕೆ ಪಡೆದು, ಬಣ್ಣಕ್ಕಾಗಿ ದೇಶವಿದೇಶಗಳಲ್ಲಿ ಹೆಸರಾದ ಬೆಳೆಯ ಮಾರುಕಟ್ಟೆಯಲ್ಲಿ ನಡೆದ ಈ ಘಟನೆ ನಾಡಿನ ಗಮನ ಸೆಳೆಯಿತು.

ಕಾರಣಿಕ ಸುಳ್ಳಾಯಿತೆ? ಹೊರಗಿನವನು ಹಾಗೆ ಕೇಳಬಹುದು. ಆದರೆ ಚೀಲಗಳ ರಾಶಿಯನ್ನು ನೋಡಿದರೆ ಸಂಪು ಆಗಿತ್ತು ಎನ್ನದೆ ವಿಧಿಯಿಲ್ಲ. ಬೆಳೆಯ ಸಂಪು ಬೆಲೆಯ ಸಂಪಾಗಲಿಲ್ಲ. ಒಂದರ ಹೆಚ್ಚಳವೇ ಇನ್ನೊಂದರ ಇಳಿತಕ್ಕೆ ಕಾರಣಗಳಲ್ಲಿ ಒಂದಾಯಿತು. ಕಾರಣಿಕದ ಪದಕೋಶ ಮಳೆ, ಬೆಳೆ, ಕುರಿ, ರಾಶಿ, ಕಣಗಳ ಕಾಲದಲ್ಲಿ ರೂಪುಗೊಂಡದ್ದು. ರಾಶಿ ದೊಡ್ಡದಾದರೆ ಮನೆ ತುಂಬುತ್ತದೆ ಎಂಬ ಸರಳ ಸಮೀಕರಣ ಅದರೊಳಗಿದೆ. ರಾಶಿ ದೊಡ್ಡದಾದಷ್ಟೂ ದರ ಇಳಿಯುವ ಮಾರುಕಟ್ಟೆ, ಶೀತಲಗೃಹ, ಟೆಂಡರು ಇವು ಆ ಪದಕೋಶದ ಹೊರಗಿನವು. ಟೆಂಡರಿನ ದರವೂ ಒಂದು ಸಾರ್ವಜನಿಕ ಮಾತೇ. ಆದರೆ ಅದನ್ನು ಆಡಿದವನ ಮುಖ ರೈತನಿಗೆ ಕಾಣುವುದಿಲ್ಲ. ಕಾರಣಿಕಕ್ಕಾಗಿ ಬಿಲ್ಲಿನ ಮೇಲೆ ಒಬ್ಬ ಮನುಷ್ಯ ಕಾಣುತ್ತಾನೆ. ದರದ ಹಿಂದೆ ಯಾರೂ ಕಾಣುವುದಿಲ್ಲ. ಉತ್ತರಿಸುವವನಿಲ್ಲದ ಮಾತಿನೆದುರು ಸಿಟ್ಟು ಕಟ್ಟಡದ ಮೇಲೆ ತಿರುಗಿತು.

ಇಲ್ಲಿಯೇ ಕಾರಣಿಕದ ಕೊರತೆಯನ್ನೂ ಒಪ್ಪಿಕೊಳ್ಳಬೇಕು. ಜಾನಪದ ವಿದ್ವಾಂಸರಾದ ನಮಗೆ ಆಚರಣೆಗಳನ್ನು ಮೆಚ್ಚುವ ಅಭ್ಯಾಸ ಹೆಚ್ಚು. ಎಂದಿಗೂ ಸುಳ್ಳಾಗಲಾರದ ಮಾತು ಎಂದಿಗೂ ಪೂರ್ಣ ನಿಜವೂ ಆಗಲಾರದು. ಕಾರಣಿಕ ರೈತನಿಗೆ ಧೈರ್ಯ ಕೊಡುತ್ತದೆ, ಎಚ್ಚರ ಕೊಡುತ್ತದೆ. ಎಷ್ಟು ಎಕರೆಗೆ ಮೆಣಸಿನಕಾಯಿ ಹಾಕಬೇಕು ಎಂಬ ಲೆಕ್ಕವನ್ನು ಕೊಡುವುದಿಲ್ಲ. ಕೊಡುತ್ತೇನೆಂದು ಅದು ಹೇಳಿಕೊಂಡೂ ಇಲ್ಲ. ಆ ಲೆಕ್ಕವನ್ನು ಹೇಳಬೇಕಾದವು ಬೇರೆ ವೇದಿಕೆಗಳು.

ವೇದಿಕೆಯ ಮಾತು

ಆಧುನಿಕ ವೇದಿಕೆಯ ಭಾಷಣದ ಹಿರಿಮೆ ಕಾರಣಿಕಕ್ಕೆ ವಿರುದ್ಧವಾದ ದಿಕ್ಕಿನಲ್ಲಿದೆ. ಅದು ಸ್ಪಷ್ಟವಾಗಿ ಹೇಳಬೇಕು. ಸ್ಪಷ್ಟವಾಗಿ ಹೇಳಿದ್ದರಿಂದಲೇ ಅದನ್ನು ನಿಜವೋ ಸುಳ್ಳೋ ಎಂದು ಪರೀಕ್ಷಿಸಬಹುದು. ಸುಳ್ಳಾಗಬಲ್ಲ ಮಾತನ್ನು ಆಡುವ ಧೈರ್ಯವೇ ಪ್ರಜಾಪ್ರಭುತ್ವದ ಭಾಷಣದ ನೈತಿಕ ಬುನಾದಿ. 2008ರ ಮೇ 30ರಂದು ಬಿ.ಎಸ್. ಯಡಿಯೂರಪ್ಪನವರು ದೇವರ ಮತ್ತು ರೈತರ ಹೆಸರಿನಲ್ಲಿ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಸಂವಿಧಾನದ ಸಾಂಪ್ರದಾಯಿಕ ವಾಕ್ಯದೊಳಗೆ ರೈತ ಎಂಬ ಪದ ಸೇರಿದ್ದು ಒಂದು ಮಹತ್ವದ ಸಾರ್ವಜನಿಕ ನುಡಿಯಾಗಿತ್ತು, ನಾಡಿನ ಹಳ್ಳಿಗಳು ಅದನ್ನು ಗಮನಿಸಿದವು. ಹನ್ನೊಂದು ದಿನಗಳ ನಂತರ, ಜೂನ್ 10ರಂದು, ಬಿತ್ತನೆಯ ಹೊತ್ತಿನಲ್ಲಿ ರಸಗೊಬ್ಬರಕ್ಕಾಗಿ ಹಾವೇರಿಯಲ್ಲಿ ಬೀದಿಗಿಳಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು, ರೈತರ ಪ್ರಾಣಹಾನಿಯಾಯಿತು. ಗೊಬ್ಬರದ ಕೊರತೆಗೆ ಅನೇಕ ಆಡಳಿತಾತ್ಮಕ ಕಾರಣಗಳನ್ನು ಹೇಳಲಾಯಿತು. ಇಲ್ಲಿ ಮುಖ್ಯವಾದುದು, ಜನ ಆ ಎರಡು ದಿನಾಂಕಗಳನ್ನು ಎದುರುಬದುರಾಗಿ ಇಟ್ಟು ನೋಡಲು ಸಾಧ್ಯವಾದದ್ದು. ಮಾತು ಸ್ಪಷ್ಟವಾಗಿದ್ದುದರಿಂದಲೇ ಅದನ್ನು ಘಟನೆಯೊಡನೆ ತೂಗಲು ಬಂದಿತು.

ಈ ಸೀಮೆಯ ನೆನಪಿನಲ್ಲಿ ಮಾತಿಗೂ ನಡೆಗೂ ಅಂತರವಿಲ್ಲದ ಇನ್ನೊಂದು ಮಾದರಿಯೂ ಇದೆ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1930ರ ದಂಡಿಯಾತ್ರೆಯಲ್ಲಿ ಗಾಂಧೀಜಿಯವರೊಡನೆ ಹೆಜ್ಜೆಹಾಕಿದ ಕನ್ನಡಿಗ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ಬ್ರಿಟಿಷ್ ಸರ್ಕಾರದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋದಾಗ, ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಎಂಬ ಸಂಗಾತಿಗಳೊಡನೆ ಪೊಲೀಸರ ಗುಂಡಿಗೆ ಬಲಿಯಾದರು. ಅವರ ಅಡ್ಡಹೆಸರೂ ಮೈಲಾರವೇ ಆಗಿರುವುದು ಆಕಸ್ಮಿಕವಾದರೂ ಅರ್ಥವತ್ತಾಗಿದೆ. ಜನ ಅವರನ್ನು ನೆನೆಯುವುದು ಅವರು ಮಾಡಿದ ಭಾಷಣಗಳಿಗಾಗಿ ಅಲ್ಲ. ಹಾವೇರಿಯ ರೈಲು ನಿಲ್ದಾಣ ಇಂದು ಅವರ ಹೆಸರನ್ನು ಹೊತ್ತಿದೆ. ‘ನುಡಿದಂತೆ ನಡೆ’ ಎಂಬ ಅಪೇಕ್ಷೆ ಈ ನೆಲದಲ್ಲಿ ಹಳೆಯದು; ಭಾಷಣಕಾರನನ್ನು ಜನ ಅಳೆಯುವ ಕೋಲು ಇದೇ.

ಹೀಗೆ ನೋಡಿದರೆ ಎರಡು ಮಾತುಗಳ ಧರ್ಮ ಬೇರೆ ಬೇರೆ. ಕಾರಣಿಕದಲ್ಲಿ ಹೊಣೆ ಕೇಳುಗನದು, ಆದ್ದರಿಂದ ಅಸ್ಪಷ್ಟತೆ ಅಲ್ಲಿ ಗುಣ. ವೇದಿಕೆಯಲ್ಲಿ ಹೊಣೆ ಆಡಿದವನದು, ಆದ್ದರಿಂದ ಅಸ್ಪಷ್ಟತೆ ಅಲ್ಲಿ ದೋಷ.

ಗುಣಗಳ ಅದಲುಬದಲು

ಇಂದಿನ ಸಮಸ್ಯೆ ಇರುವುದು ಈ ಎರಡು ಧರ್ಮಗಳು ಅದಲುಬದಲಾಗುತ್ತಿರುವುದರಲ್ಲಿ. ಸುದ್ದಿವಾಹಿನಿಗಳು ಬಂದ ಮೇಲೆ ಕಾರಣಿಕದ ಮಾತು ಡೆಂಕನಮರಡಿಯಿಂದ ಹೊರಟ ಕೆಲವೇ ನಿಮಿಷಗಳಲ್ಲಿ ನಾಡಿನೆಲ್ಲೆಡೆ ತಲುಪುತ್ತದೆ. ಮಾತಿನೊಡನೆ ಅದರ ರಾಜಕೀಯ ತಾತ್ಪರ್ಯವೂ ತಲುಪುತ್ತದೆ. ಹಿಂದೆ ಜಾತ್ರೆಯಿಂದ ಮರಳುವ ಹಾದಿಯಲ್ಲಿ, ಬಂಡಿಯಲ್ಲಿ, ಅಗಸೆ ಕಟ್ಟೆಯಲ್ಲಿ ವಾರಗಟ್ಟಲೆ ಚರ್ಚೆಯಾಗಿ ಊರೂರಿಗೆ ಒಂದೊಂದು ರೂಪ ತಾಳುತ್ತಿದ್ದ ಅರ್ಥ, ಈಗ ಸಂಜೆಯ ಹೊತ್ತಿಗೆ ಒಂದೇ ಅಚ್ಚಿನಲ್ಲಿ ಬೀಳುತ್ತದೆ. 2023ರ ಕಂಬಳಿಯ ಮಾತನ್ನು ಆ ವರ್ಷದ ವಿಧಾನಸಭಾ ಚುನಾವಣೆಗೆ ಜೋಡಿಸಿದವರು ಅನೇಕರು. ಮೇ 20ರಂದು ಸಿದ್ದರಾಮಯ್ಯನವರು ಮುಖ್ಯಮಂತ್ರಿಯಾದಾಗ ಕಂಬಳಿಯ ಅರ್ಥ ಕುರುಬ ಸಮುದಾಯದ ನಾಯಕನ ಉದಯವೆಂದು ಹಿನ್ನೋಟದಿಂದ ಖಚಿತಪಡಿಸಲಾಯಿತು. ಹಳಸಿದ ಅಂಬಲಿ ಮಾತ್ರ ಚರ್ಚೆಯಿಂದ ಮರೆಯಾಯಿತು. ಅಂಬಲಿ ಬಡವನ ಊಟ; ಅದು ಹಳಸುವುದೆಂದರೆ ಏನೆಂದು ಕೇಳಬೇಕಾಗಿದ್ದ ಪ್ರಶ್ನೆ ಉಳಿದೇ ಹೋಯಿತು. ಹಲವು ಕೇಳುಗರದಾಗಿದ್ದ ಮಾತು ಅಧಿಕಾರಸ್ಥಾನದ ಒಂದೇ ಕಥೆಗೆ ಸೀಮಿತವಾದಾಗ ಆಗುವ ನಷ್ಟ ಇದು.

ಇನ್ನೊಂದು ಕಡೆ, ವೇದಿಕೆಯ ಭಾಷಣ ಕಾರಣಿಕದ ಅಸ್ಪಷ್ಟತೆಯನ್ನು ಎರವಲು ಪಡೆಯುತ್ತಿದೆ. ‘ಬದಲಾವಣೆ ಬರಲಿದೆ’, ‘ಕಾದು ನೋಡಿ’, ‘ಒಳ್ಳೆಯ ದಿನ ದೂರವಿಲ್ಲ’ ಎಂಬಂತಹ ಮಾತುಗಳು ಎಲ್ಲ ಪಕ್ಷಗಳ ವೇದಿಕೆಗಳಲ್ಲೂ ಕೇಳುತ್ತವೆ. ಇವು ಯಾವ ದಿನಾಂಕಕ್ಕೂ, ಯಾವ ಮೊತ್ತಕ್ಕೂ ಕಟ್ಟುಬೀಳದ ನುಡಿಗಳು. ಕೇಳುಗ ತನಗೆ ಬೇಕಾದ ಅರ್ಥ ತುಂಬಿಕೊಂಡು ಸಂತೋಷಪಡುತ್ತಾನೆ. ಆ ಅರ್ಥ ಕೈಗೂಡದಿದ್ದಾಗ ಹಾಗೆ ಹೇಳಿಯೇ ಇಲ್ಲವೆಂದು ಭಾಷಣಕಾರ ಕೈತೊಳೆದುಕೊಳ್ಳುತ್ತಾನೆ. ಗೊರವಯ್ಯನ ಅಸ್ಪಷ್ಟತೆಗೂ ಇದಕ್ಕೂ ಅಜಗಜಾಂತರವಿದೆ. ಗೊರವಯ್ಯ ಉಪವಾಸವಿದ್ದು ನುಡಿಯುತ್ತಾನೆ, ನುಡಿದು ಬೀಳುತ್ತಾನೆ. ವೇದಿಕೆಯವನು ಬೀಳುವುದಿಲ್ಲ; ಆ ಮಾತಿನ ಮೇಲೆಯೇ ಮೆಟ್ಟಿಲೇರುತ್ತಾನೆ. ಅರ್ಥದ ಹೊಣೆಯನ್ನು ಕೇಳುಗನ ಹೆಗಲಿಗೆ ಹಾಕಿ ಅಧಿಕಾರದ ಫಲವನ್ನು ತಾನಿಟ್ಟುಕೊಳ್ಳುವ ಭಾಷಣವನ್ನು ನಮ್ಮ ಜನಪದ ಪರಂಪರೆ ಕಂಡಿರಲಿಲ್ಲ.

ಉಪಸಂಹಾರ

ಭಾಷಣದ ಶಕ್ತಿ ಭಾಷಣಕಾರನಲ್ಲಿ ಮಾತ್ರ ಇರುತ್ತದೆಂಬ ಗ್ರಹಿಕೆ ಅಪೂರ್ಣವೆಂಬುದನ್ನು ಮೈಲಾರ ಮತ್ತು ದೇವರಗುಡ್ಡದ ಕಾರಣಿಕಗಳು ತೋರಿಸಿಕೊಡುತ್ತವೆ. ಕೇಳುಗರ ಸಿದ್ಧತೆ, ಆಡಿದವನ ನಿರ್ಮಮತೆ, ಅರ್ಥದ ಹಂಚಿಕೆ ಈ ಮೂರೂ ಕೂಡಿದಾಗ ಕೆಲವೇ ಪದಗಳು ಒಂದು ಸೀಮೆಯನ್ನೇ ಅಲುಗಿಸಬಲ್ಲವು. ಈ ಶಕ್ತಿಯನ್ನು ಮೆಚ್ಚುವುದರ ಜೊತೆಗೆ ಅದು ಯಾವ ಕೆಲಸಕ್ಕೆ ಸಲ್ಲುತ್ತದೆ, ಯಾವುದಕ್ಕೆ ಸಲ್ಲದು ಎಂಬ ವಿವೇಕವೂ ನಮಗಿರಬೇಕು. ಮುಂಬರುವ ಜಾನಪದ ಅಧ್ಯಯನಗಳು ಕಾರಣಿಕದ ವಾಕ್ಯಗಳನ್ನಷ್ಟೇ ಸಂಗ್ರಹಿಸದೆ, ಒಂದೊಂದು ವಾಕ್ಯಕ್ಕೆ ಊರೂರಿನ ಜನ ಕೊಟ್ಟ ಅರ್ಥಗಳನ್ನೂ ದಾಖಲಿಸಬೇಕಾದ ತುರ್ತಿದೆ. ಬಂಡಿಯ ಹಾದಿಯ ಆ ಮಾತುಕತೆಗಳು ಯಾವ ವಾಹಿನಿಯಲ್ಲೂ ಉಳಿಯುವುದಿಲ್ಲ. ಹಿರಿಯರೊಡನೆ ಅವು ಅಳಿಯುತ್ತಿವೆ.

ಮೈಲಾರದ ಬಯಲಿನಲ್ಲಿ ಸುಮ್ಮನಾಗಲು ಕಲಿತ ಜನರೇ ಹಾವೇರಿಯ ಬೀದಿಯಲ್ಲಿ ಪ್ರಶ್ನೆ ಕೇಳಿದರು. ಈ ಎರಡು ಗುಣಗಳು ಒಂದಕ್ಕೊಂದು ವಿರುದ್ಧವಲ್ಲ. ದೈವದ ನುಡಿಗೆ ಅರ್ಥ ತುಂಬುವುದನ್ನು ಬಲ್ಲ ಕೇಳುಗ, ಮನುಷ್ಯನ ನುಡಿಗೆ ಅರ್ಥ ಕೇಳುವುದನ್ನೂ ಬಲ್ಲ. ಯಾವ ಮಾತಿನೆದುರು ಮೌನವಾಗಿರಬೇಕು, ಯಾವ ಮಾತಿನೆದುರು ಬಾಯಿ ತೆರೆಯಬೇಕು ಎಂಬ ತಿಳಿವು ಈ ಸೀಮೆಯ ಜನಪದರಲ್ಲಿ ಇನ್ನೂ ಉಳಿದಿದೆ. ಅದನ್ನು ಮಸುಕಾಗಿಸುವ ಯಾವ ಭಾಷಣವೂ, ಅದೆಷ್ಟೇ ಸೊಗಸಾಗಿದ್ದರೂ, ಜನಪರವೆನಿಸಲಾರದು.